ನಲವತ್ತರಲ್ಲಿ ನಿಂತ ಮುಳ್ಳು

“ಕೈ ಹಿಂದೆ ಕಟ್ಕೊಳ್ಳಿ ಸರ್. ನೋಡಬಹುದು, ಮುಟ್ಟೋ ಹಾಗಿಲ್ಲ.”

ಭೂತಗನ್ನಡಿ ಕೈ ಹಿಂದೆ ಕಟ್ಟಿಕೊಂಡ. ಶಾಲೆ ಬಿಟ್ಟ ಮೇಲೆ ಇನ್ನೊಬ್ಬರ ಮಾತಿಗೆ ಅವನು ಹಾಗೆ ನಿಂತದ್ದು ಇದೇ ಮೊದಲು. ಅನುಮಾನ ಬಂದರೆ ಗೋಡೆಯ ಸುಣ್ಣಕ್ಕೂ ಮೂಗು ತಾಗಿಸಿ ನೋಡುವ ಈ ಪತ್ತೇದಾರನಿಗೆ ಆ ಹೆಸರಿಟ್ಟದ್ದು ಇಲಾಖೆಯವರೇ. ಕೈ ಕಟ್ಟಿಸಿದವನು ಅವನ ಬಳಿಯೇ ಕೆಲಸ ಕಲಿತ ಕಿರಿಯ. ಅಂಗಿಯ ಗೆರೆ ಕೆಟ್ಟೀತೆಂದು ಕುರ್ಚಿಗೆ ಒರಗದ ಆಸಾಮಿ. ಅವನಿಗೆ ಎಲ್ಲರೂ ಇಸ್ತ್ರಿ ಎನ್ನುತ್ತಿದ್ದರು.

ಹೋದ ವಾರ ಹಲ್ಲಿನ ಡಾಕ್ಟರು ಗುಡ್ಡದ ರಸ್ತೆ ಇಳಿಯುವಾಗ ಅವರ ಹಳೇ ಕಾರಿನ ಇಂಜಿನ್ ಜಾಮ್ ಆಗಿ, ಚಕ್ರ ಕಚ್ಚಿಕೊಂಡು, ಕಾರು ತಿರುವಿನಿಂದ ಕೆಳಗುರುಳಿತ್ತು. ಡಾಕ್ಟರು ಉಳಿಯಲಿಲ್ಲ. ಅಂದು ಬೆಳಿಗ್ಗೆ ಆ ಕಾರಿಗೆ ಆಯಿಲ್ ಪ್ರೆಷರ್ ಗೇಜ್ ಕೂರಿಸಿಕೊಟ್ಟ ಮೆಕ್ಯಾನಿಕ್ ಈಗ ಲಾಕಪ್ಪಿನಲ್ಲಿದ್ದರು. ಅವರು ಭೂತಗನ್ನಡಿಯ ಅಕ್ಕನ ಗಂಡ. ಹಾಗಾಗಿ ಮೇಲಿನವರು ಕೇಸನ್ನು ಇವನ ಕೈಯಿಂದ ತೆಗೆದು ಇಸ್ತ್ರಿಗೆ ಕೊಟ್ಟಿದ್ದರು.

ಠಾಣೆಯ ಹಿತ್ತಲಿನ ಶೆಡ್ಡಿನಲ್ಲಿ ಕಾರು ಮೂತಿ ಮುರಿದುಕೊಂಡು ನಿಂತಿತ್ತು. ಡಾಕ್ಟರು ಅದನ್ನು ಅಜ್ಜಿ ಎಂದು ಕರೆಯುತ್ತಿದ್ದರು. ರೋಗಿಯ ಬಾಯಿ ತೆರೆಸಿಟ್ಟುಕೊಂಡೇ ಅಜ್ಜಿಯ ಯೋಗಕ್ಷೇಮ ಹೇಳುವಷ್ಟು ಪ್ರೀತಿ. ಆಯಿಲ್ ಕಡಿಮೆಯಾದರೆ ಹೊತ್ತಿಕೊಳ್ಳಬೇಕಾದ ಕೆಂಪು ದೀಪದ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅದು ಎಲ್ಲ ಮುಗಿದ ಮೇಲೆ ಸುದ್ದಿ ಹೇಳುತ್ತದೆ ಎನ್ನುತ್ತಿದ್ದರು. ಅದನ್ನು ಕೀಳಿಸಿ, ಅದೇ ಜಾಗದಿಂದ ಪೈಪ್ ಎಳೆಸಿ, ಮುಳ್ಳಿನ ಗೇಜ್ ಹಾಕಿಸಿದ್ದರು.

ಭೂತಗನ್ನಡಿ ಕಿಟಕಿಯೊಳಗೆ ತಲೆ ತೂರಿಸಿದ. ಗೇಜಿನ ಗಾಜು ಒಡೆದಿರಲಿಲ್ಲ. ಅವನು ನೋಡಿದ. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದ.

“ಇಂಜಿನ್ ಯಾವಾಗ ನಿಂತಿದ್ದು?”

“ಗುಡ್ಡದ ಮೇಲೇ ಸರ್. ಹೋದ ವಾರ.”

“ಮತ್ತೆ ಈ ಮುಳ್ಳು ಯಾಕೆ ನಲವತ್ತರಲ್ಲಿದೆ?”

ಇಸ್ತ್ರಿ ಬಗ್ಗಿ ನೋಡಿದ. ಅಂಗಿ ಬಾಗಿಲಿಗೆ ತಾಗದಂತೆ ಬಗ್ಗಿದ. “ಕೆಟ್ಟಿರಬೇಕು ಸರ್.”

ಪಾಠ ಹೇಳುವ ಚಟ ಕೆಟ್ಟದ್ದು. ಕೇಸು ತನ್ನದಲ್ಲ, ತಾನಿಲ್ಲಿ ಬಿಟ್ಟಿ ಅತಿಥಿ ಅನ್ನುವುದು ಭೂತಗನ್ನಡಿಗೆ ಮರೆತೇ ಹೋಯಿತು.

“ಕೆಟ್ಟಿಲ್ಲ ಕಣಯ್ಯ, ಕೇಳು. ಇಂಜಿನ್ನಿಂದ ಒಂದು ಸಣ್ಣ ತಾಮ್ರದ ಪೈಪ್ ಈ ಗೇಜಿನ ಬೆನ್ನಿಗೆ ಬರುತ್ತೆ. ಆಯಿಲ್ ಎಷ್ಟು ಜೋರಾಗಿ ತಳ್ಳುತ್ತೋ ಮುಳ್ಳು ಅಷ್ಟು ಏಳುತ್ತೆ. ಇಂಜಿನ್ ನಿಂತ್ರೆ ಆಯಿಲ್ ಹಿಂದಕ್ಕೆ ಹೋಗಿ ಮುಳ್ಳು ಸೊನ್ನೆಗೆ ಬೀಳಬೇಕು. ಬಿದ್ದಿಲ್ಲ ಅಂದ್ರೆ ಆಯಿಲ್ ಪೈಪಲ್ಲೇ ಸಿಕ್ಕಿಹಾಕ್ಕೊಂಡಿದೆ.”

ಅವನು ಮುಂದಕ್ಕೆ ಬಂದು, ಕೈ ಕಟ್ಟಿಕೊಂಡೇ, ಬಾನೆಟ್ಟಿನ ಕೆಳಗೆ ಕುತ್ತಿಗೆ ಚಾಚಿದ. ತಾಮ್ರದ ಪೈಪ್ ಇಂಜಿನ್ನಿನ ಪಕ್ಕದಿಂದ ಏರಿ, ಸೀಟಿನ ಕಡೆಯ ತಗಡನ್ನು ದಾಟುವ ಮೊದಲು ಒಂದು ಮೂಲೆಯಲ್ಲಿ ಮರೆಯಾಗುತ್ತಿತ್ತು. ಆ ಮೂಲೆಯಲ್ಲಿ ಅದನ್ನು ಮಡಚಿ ಅಮುಕಿ ಚಪ್ಪಟೆ ಮಾಡಿದ್ದರು. ಇಕ್ಕಳದ ಹಲ್ಲಿನ ಗುರುತು ಹೊಳೆಯುತ್ತಿತ್ತು. ಕೆಳಗೆ, ಪೈಪ್ ಇಂಜಿನ್ನಿಗೆ ಸೇರುವಲ್ಲಿ ನಟ್ಟು ಸಡಿಲವಾಗಿತ್ತು. ಅದರ ಸುತ್ತ ಎಣ್ಣೆ ಒಣಗಿ ಕಪ್ಪಗೆ ಅಂಟಿಕೊಂಡಿತ್ತು.

“ನೋಡಿದ್ಯಾ? ಇಲ್ಲಿಂದ ಆಯಿಲ್ ದಾರಿಯುದ್ದಕ್ಕೂ ಸೋರಿದೆ. ಮೇಲೆ ಅಮುಕಿರೋದ್ರಿಂದ ಮುಳ್ಳು ಅಲ್ಲಾಡಿಲ್ಲ. ಪಾಪ, ಆ ಮನುಷ್ಯ ಗುಡ್ಡ ಹತ್ತಿ ಇಳಿಯೋವರೆಗೂ ನಲವತ್ತು ನೋಡ್ಕೊಂಡು ನೆಮ್ಮದಿಯಾಗಿದ್ದಾರೆ.”

“ಕೊಲೆ ಅಂತೀರಾ ಸರ್?” ಇಸ್ತ್ರಿಯ ದನಿ ತಗ್ಗಿತ್ತು.

“ಇನ್ನೂ ಇದೆ. ಬಿಸಿಯಾದ ಇಂಜಿನ್ ಸುಮ್ಮನೆ ಓಡ್ತಿದ್ರೆ ಈ ಅಜ್ಜಿಗೆ ಇಪ್ಪತ್ತು ಬಂದ್ರೆ ಹೆಚ್ಚು. ನಲವತ್ತು ಬರಬೇಕಾದ್ರೆ ಪೆಡಲ್ ಒತ್ತಬೇಕು. ಒತ್ತಿದಾಗಲೇ ಪೈಪ್ ಅಮುಕಬೇಕು. ಪೈಪ್ ಮಡಚೋಕೆ ಒಂದು ಕೈ, ಇಕ್ಕಳಕ್ಕೆ ಒಂದು ಕೈ. ಪೆಡಲಿಗೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರು ಬಾನೆಟ್ ಕೆಳಗೆ, ಒಬ್ಬರು ಸೀಟಲ್ಲಿ. ಭಾವ ಅವತ್ತು ಒಬ್ಬರೇ ಇದ್ರು, ಅಕ್ಕ ಜ್ವರ ಬಂದು ಮಲಗಿದ್ಲು ಅಂತ ನಿಂಗೂ ಗೊತ್ತು. ಹಾಗಾದ್ರೆ ಇದು ಭಾವನ ಕೆಲಸ ಅಲ್ಲ. ಇವತ್ತೇ ಯಾರಾದ್ರೂ ಬಲ್ಲವರನ್ನ ಕರೆಸಿ ಈ ಮುಳ್ಳನ್ನ ತೋರಿಸು.”

ಇಸ್ತ್ರಿ ಜೇಬಿನ ಪೆನ್ನು ತೆಗೆದು ಅಜ್ಜಿಯ ಮಡ್‌ಗಾರ್ಡಿನ ಮೇಲೆ ತಟ್ಟಿದ. ಟಕ್. ತುಸು ಬಿಟ್ಟು ಇನ್ನೊಂದು ಟಕ್.

ಭೂತಗನ್ನಡಿಯ ಕಾಲು ತಾನಾಗಿಯೇ ಹಿಂದೆ ಸರಿಯಿತು. ಇಬ್ಬರೂ ಸೇರಿ ದಾಳಿಗೆ ಹೋಗುತ್ತಿದ್ದ ದಿನಗಳ ರೂಢಿ ಅದು. ಒಂದು ತಟ್ಟಿದರೆ ನುಗ್ಗು, ಎರಡು ತಟ್ಟಿದರೆ ನಿಲ್ಲು. ಹೇಳಿಕೊಟ್ಟವನು ತಾನೇ. ಶಿಷ್ಯ ಮರೆತಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

“ಸಮಯ ಆಯ್ತು ಸರ್. ನೀವು ಹೇಳಿದ್ದು ಮನಸ್ಸಲ್ಲಿಟ್ಕೊತೀನಿ,” ಎಂದ ಇಸ್ತ್ರಿ.

ಅಲ್ಲಿಂದ ನೇರವಾಗಿ, ಆ ವಾರದಲ್ಲಿ ಮೊದಲ ಸಲ, ಭೂತಗನ್ನಡಿ ಅಕ್ಕನ ಮನೆಗೆ ತಲೆಯೆತ್ತಿ ಹೋದ. ಇಷ್ಟು ದಿನ ಅವಳು ‘ಏನಾಯ್ತೋ’ ಅಂದರೆ ಇವನು ಚಪ್ಪಲಿ ಬಿಡುವ ನೆಪದಲ್ಲಿ ನೆಲ ನೋಡುತ್ತಿದ್ದ. ಊರಿನ ಕಳ್ಳರೆಲ್ಲ ಹೆದರುವ ಮನುಷ್ಯನನ್ನು ಅವಳು ಈಗಲೂ ಪುಟ್ಟ ಎಂದೇ ಕರೆಯುತ್ತಿದ್ದಳು. ಪುಟ್ಟನಿಗೆ ಭಾವನನ್ನು ಒಂದು ದಿನದ ಮಟ್ಟಿಗೆ ಬಿಡಿಸುವ ಯೋಗ್ಯತೆಯೂ ಇರಲಿಲ್ಲ.

ಮನೆಯ ಮುಂಭಾಗವೇ ವರ್ಕ್‌ಶಾಪು. ಹಿಂಭಾಗ ಅಡುಗೆಮನೆ. ಅಕ್ಕ ಒಂದು ಹಳೇ ಬನಿಯನ್ ಹಿಡಿದು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ನೇತುಹಾಕುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

“ಅಕ್ಕ, ಭಾವ ಬರ್ತಾರೆ.” ಅವನು ನಿಂತಲ್ಲೇ ಎಲ್ಲ ಹೇಳಿದ. ಮುಳ್ಳು, ಪೈಪು, ಇಕ್ಕಳದ ಗುರುತು. “ಇಬ್ಬರಿಲ್ದೆ ಆಗೋ ಕೆಲಸ ಅಲ್ಲ ಅದು. ಭಾವ ಒಬ್ಬರೇ ಇದ್ದಿದ್ದು. ನೀನು ಮಲಗಿದ್ದೆ.”

ಅಕ್ಕನ ಕೈಯ ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

“ನಾನು ಮಲಗಿರಲಿಲ್ಲ ಕಣೋ.”

“ಏನು?”

“ಸೀಟಲ್ಲಿ ಕೂತಿದ್ದವಳು ನಾನೇ. ಪೆಡಲ್ ಒತ್ತಿದವಳೂ ನಾನೇ.”

ಭೂತಗನ್ನಡಿ ಹತ್ತಿರದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತ. ಬೆಳಿಗ್ಗೆ ಕಟ್ಟಿದ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

“ನಿಮ್ಮ ಭಾವನೇ ಹೇಳಿದ್ದು, ‘ನಿಂಗೆ ಜ್ವರ ಬಂದಿತ್ತು, ನೀನು ಇಲ್ಲಿ ಇರಲೇ ಇಲ್ಲ, ಯಾರು ಕೇಳಿದ್ರೂ ಅಷ್ಟೇ ಹೇಳು, ನನ್ನಾಣೆ’ ಅಂತ. ಆಣೆ ಹಾಕಿದ್ಮೇಲೆ ನಾನೇನು ಮಾಡ್ಲಿ? ನಿನ್ನ ಹತ್ರಾನೂ ಬಾಯಿ ಬಿಡ್ಲಿಲ್ಲ.”

“ಈಗ ಹೇಳು. ಮೊದಲಿಂದ ಹೇಳು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಎಣ್ಣೆ ಕೈಯಾಗಿದ್ದರಿಂದ ಕೆನ್ನೆಯ ಮೇಲೆ ಕಪ್ಪು ಮೆತ್ತಿತು.

“ನಮ್ಮ ಪದ್ಧತಿ ನಿಂಗೆ ಗೊತ್ತಲ್ಲ. ಆ ಕಾರಿನ ಬಾನೆಟ್ ಎತ್ತಿದ್ರೆ ಸೀಟಿನಿಂದ ಮುಂದೆ ಏನೂ ಕಾಣಲ್ಲ. ಇಂಜಿನ್ ಸದ್ದಿಗೆ ಮಾತೂ ಕೇಳಲ್ಲ. ಅವರು ಸ್ಪ್ಯಾನರಲ್ಲಿ ಮಡ್‌ಗಾರ್ಡ್ ಮೇಲೆ ಒಂದು ತಟ್ಟಿದ್ರೆ ನಾನು ಒತ್ತೋದು, ಎರಡು ತಟ್ಟಿದ್ರೆ ಕಾಲು ತೆಗೆಯೋದು. ಮುಳ್ಳು ಎಲ್ಲಿದೆ ಅಂತ ಕಿಟಕಿಯಿಂದ ಬೆರಳು ತೋರಿಸೋದು.”

ಗೊತ್ತಿಲ್ಲದೆ ಏನು? ಮೀಸೆ ಮೂಡುವ ಮೊದಲು ರಜೆಗೆ ಬಂದಾಗಲೆಲ್ಲ ಆ ಸೀಟಿನಲ್ಲಿ ಕೂತು ಪೆಡಲ್ ಒತ್ತುವ ಪಾಳಿ ಪುಟ್ಟನದೇ ಆಗಿತ್ತು. ದೊಡ್ಡವನಾಗಿ ಇಲಾಖೆ ಸೇರಿದ ಮೇಲೆ ದಾಳಿಗೆ ಹೋಗುವಾಗ ಅವನು ಬಳಸಿದ್ದು ಭಾವನ ಇದೇ ತಟ್ಟನ್ನು.

ಅವನು ಟೈರಿನ ಅಂಚಿಗೆ ಸರಿದು ಕೂತ.

“ಅವತ್ತು ಒಂದು ತಟ್ಟಿದ ಸದ್ದಾಯ್ತು, ಒತ್ತಿದೆ,” ಅಕ್ಕ ಮುಂದುವರಿಸಿದಳು. “ಮುಳ್ಳು ನಲವತ್ತಕ್ಕೆ ಬಂತು, ನಾಲ್ಕು ಬೆರಳು ತೋರಿಸಿದೆ. ಆಮೇಲೆ ಎರಡು ತಟ್ಟು ಬಂತು, ಕಾಲು ತೆಗೆದೆ. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕೋ ವಾಸನೆ. ಕಾಲು ತೆಗೆದ್ಮೇಲೆ ಮುಳ್ಳು ಇಳೀತಾ ಅಂತ ನೋಡದೆ ಒಳಗೆ ಓಡಿದೆ. ಅದೊಂದು ನೋಡಿದ್ದಿದ್ರೆ.”

ಅವಳು ಬಿದ್ದ ಸ್ಪ್ಯಾನರನ್ನು ಎತ್ತಿ ಮೊಳೆಗೆ ಸಿಕ್ಕಿಸಿದಳು.

“ಬರೋ ಹೊತ್ತಿಗೆ ಬಾನೆಟ್ ಮುಚ್ಚಿತ್ತು. ಟೀ ಕುಡಿಯೋಕೆ ಹೋಗಿದ್ದ ಡಾಕ್ಟರು ವಾಪಸ್ ಬಂದು ಗಾಡಿ ಹತ್ತಿ ಗೇಟು ದಾಟ್ತಿದ್ರು. ಓಡ್ತಿರೋ ಇಂಜಿನ್ ಅವರು ಆರಿಸೋದೇ ಇಲ್ಲ, ಮತ್ತೆ ಹತ್ತಲ್ಲ ಅಂತ. ಆ ಗುಡ್ಡದಾಚೆ ಕೋರ್ಟಲ್ಲಿ ಯಾವುದೋ ಹಲ್ಲಿನ ಗುರುತಿನ ಬಗ್ಗೆ ಸಾಕ್ಷಿ ಹೇಳ್ಬೇಕು ಅಂತ ಅವಸರ ಬೇರೆ. ಅದೇ ಹೊತ್ತಿಗೆ ನಿಮ್ಮ ಭಾವ ರಸ್ತೆ ಕಡೆಯಿಂದ ಬಂದ್ರು. ‘ಗಾಡಿ ಎಲ್ಲೇ?’ ಅಂದ್ರು.”

“ರಸ್ತೆ ಕಡೆಯಿಂದಾನಾ?”

“ಎದುರಿನ ಟೈಲರ್ ಅಂಗಡಿಗೆ ಅವರನ್ನ ಕೇಳಿ ಫೋನ್ ಬಂದಿತ್ತಂತೆ. ಹೋಗಿ ಹಲೋ ಹಲೋ ಅಂದ್ರೆ ಆ ಕಡೆ ಉಸಿರೇ ಇಲ್ವಂತೆ. ನಾನು ‘ನೀವೇ ತಾನೇ ಈಗ ತಟ್ಟಿದ್ದು’ ಅಂದೆ. ಅವರು ನನ್ನ ಮುಖ ನೋಡಿದ್ರು ಪುಟ್ಟ. ಹಾಗೆ ಅವರು ಯಾವತ್ತೂ ನೋಡಿರಲಿಲ್ಲ.”

ಭಾವ ಯಾಕೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ ಅನ್ನುವುದು ಈಗ ತಿಳಿಯಿತು. ಫೋನಿನ ಸುದ್ದಿ ಎತ್ತಿದರೆ, ಆಗ ಕಾರಿನಲ್ಲಿ ಯಾರಿದ್ದರು ಎಂಬ ಪ್ರಶ್ನೆ ಬರುತ್ತದೆ. ಹೆಂಡತಿಯ ಹೆಸರು ಬರುವುದಕ್ಕಿಂತ ಜೈಲೇ ವಾಸಿ ಎಂದು ಆ ಮನುಷ್ಯ ತೀರ್ಮಾನ ಮಾಡಿಬಿಟ್ಟಿದ್ದರು.

“ಬಾನೆಟ್ ಕೆಳಗಿದ್ದವನು ಸ್ವಲ್ಪಾನೂ ಕಾಣಲಿಲ್ವಾ ಅಕ್ಕ?”

“ತೋಳು ಕಾಣಿಸ್ತು. ನಿಮ್ಮ ಭಾವನ ನೀಲಿ ಕೋಟಿನ ತೋಳು. ಅದಕ್ಕೇ ಅನುಮಾನ ಬರಲಿಲ್ಲ. ಫೋನಿಗೆ ಹೋಗುವಾಗ ಅವರು ಅದನ್ನ ಮೊಳೆಗೆ ಹಾಕಿದ್ರಂತೆ, ಆಮೇಲೆ ನೋಡಿದ್ರೆ ಆ ಕೋಟು ಮೊಳೆ ಮೇಲಿರಲಿಲ್ಲ. ಸ್ಟೂಲಿನ ಮೇಲೆ ನಾಲ್ಕು ಮಡಿಕೆ ಹಾಕಿ, ತೋಳು ಒಳಗೆ ಸೇರಿಸಿ ಇಟ್ಟಿತ್ತು. ನಿಮ್ಮ ಭಾವ ಹುಟ್ಟಿದಾಗಿಂದ ಒಂದು ಬಟ್ಟೆ ಮಡಿಸಿದವರಲ್ಲ.”

ಬೇರೆ ದಿನವಾಗಿದ್ದರೆ ಅಕ್ಕ ತಮ್ಮ ಇಬ್ಬರೂ ನಗುತ್ತಿದ್ದರು.

“ಇನ್ನೊಂದು,” ಎಂದಳು ಅಕ್ಕ. “ಅವರು ತಟ್ಟಿದ್ರೆ ಎರಡೂ ಒಟ್ಟೊಟ್ಟಿಗೆ ಬರುತ್ತೆ. ಅವತ್ತು ಎರಡನೇದು ತಡವಾಗಿ ಬಂತು. ಒಂದು ತಟ್ಟಿ, ಯೋಚನೆ ಮಾಡಿ, ಇನ್ನೊಂದು ತಟ್ಟಿದ ಹಾಗೆ. ಕೈಗೆ ಎಣ್ಣೆಯಾಗಿ ಸ್ಪ್ಯಾನರ್ ಜಾರಿರಬೇಕು ಅಂದ್ಕೊಂಡೆ. ಇದು ನಮ್ಮಿಬ್ಬರಿಗೆ ಬಿಟ್ರೆ ನಿಂಗೆ ಮಾತ್ರ ಗೊತ್ತಲ್ವೇನೋ? ಇನ್ಯಾರಿಗೆ ಗೊತ್ತು?”

ಭೂತಗನ್ನಡಿ ಎದ್ದು ನಿಂತ. ಬೆಳಿಗ್ಗೆ ಕೇಳಿದ ಆ ಟಕ್, ತುಸು ಬಿಟ್ಟು ಇನ್ನೊಂದು ಟಕ್, ಈಗ ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಡಾಕ್ಟರು ಸಾಕ್ಷಿ ಹೇಳಬೇಕಿದ್ದ ಕೇಸು ಯಾವುದೆಂದೂ ನೆನಪಾಯಿತು. ಸತ್ತವನ ಗುರುತು ಹಿಡಿದು, ಒಬ್ಬನನ್ನು ಒಳಗೆ ಹಾಕಿ, ಇಸ್ತ್ರಿ ಬಡ್ತಿ ಪಡೆದ ಕೇಸು ಅದು. ಆ ಹಲ್ಲು ಸತ್ತವನದೇ ಅಲ್ಲ ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿಬಿಟ್ಟಿದ್ದರೆ ಕೇಸೂ ಉಳಿಯುತ್ತಿರಲಿಲ್ಲ, ಬಡ್ತಿಯೂ ಉಳಿಯುತ್ತಿರಲಿಲ್ಲ.

“ಬಾಗಿಲು ಹಾಕ್ಕೋ. ಯಾರು ಬಂದ್ರೂ ತೆಗೀಬೇಡ,” ಎಂದು ಹೇಳಿ ಅವನು ಓಡಿದ.

ಶೆಡ್ಡಿನ ಮುಂದೆ ಇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿ, ಆ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಪಕ್ಕಕ್ಕಿಟ್ಟ.

“ಬನ್ನಿ ಸರ್. ನೀವು ಬರ್ತೀರ ಅಂತ ಗೊತ್ತಿತ್ತು.”

ಭೂತಗನ್ನಡಿ ಅವನನ್ನು ತಳ್ಳಿಕೊಂಡೇ ಕಿಟಕಿಗೆ ಹೋದ. ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಕೆಳಗಿನ ರಬ್ಬರ್ ಹಾಸಿನ ಮೇಲೆ ಒಂದು ಹನಿ ಎಣ್ಣೆ ಹೊಸದಾಗಿ ಬಿದ್ದಿತ್ತು. ಬಾನೆಟ್ಟಿನ ಕೆಳಗೆ ಇಕ್ಕಳದ ಗುರುತಿದ್ದ ತುಂಡು ಇರಲಿಲ್ಲ.

“ಬೆಳಿಗ್ಗೆ ಇದು ನಲವತ್ತರಲ್ಲಿತ್ತು.”

“ನಾನು ನೋಡಿದಾಗ ಸೊನ್ನೆ ಇತ್ತು ಸರ್.”

“ನನ್ನ ಪಕ್ಕದಲ್ಲೇ ನಿಂತು ನೋಡಿದೀಯ.”

“ನಾವಿಬ್ಬರೇ ಇದ್ವಿ ಸರ್. ನೀವು ಆರೋಪಿಯ ಭಾವಮೈದುನ. ನಾನು ತನಿಖೆ ಮಾಡ್ತಿರೋನು. ಯಾರ ಮಾತು ನಡೆಯುತ್ತೆ ಹೇಳಿ?” ಇಸ್ತ್ರಿಯ ದನಿಯಲ್ಲಿ ಗೆದ್ದ ಜಂಬ ಇರಲಿಲ್ಲ. ಪಾಠ ಒಪ್ಪಿಸುವ ಹುಡುಗನ ವಿಧೇಯತೆ ಇತ್ತು. “ಇಂಜಿನ್ ನಿಂತ ಮೇಲೂ ಮುಳ್ಳು ಹಾಗೇ ನಿಂತು ಸಾಕ್ಷಿ ಹೇಳುತ್ತೆ ಅಂತ ನಂಗೆ ಹೊಳೆದಿರಲೇ ಇಲ್ಲ. ನೀವು ಹೇಳಿಕೊಟ್ರಿ. ನಿಮ್ಮ ಋಣ ದೊಡ್ಡದು.”

ಆಗ ತಿಳಿಯಿತು. ಬೆಳಿಗ್ಗೆ ಇಸ್ತ್ರಿ ಒಳಗೆ ಬಿಟ್ಟದ್ದು ಹಳೇ ಗೌರವಕ್ಕಲ್ಲ. ತಾನು ಎಲ್ಲಿ ಗುರುತು ಬಿಟ್ಟಿದ್ದೇನೆ ಎಂದು ಗುರುವಿನ ಬಾಯಿಂದಲೇ ತಿಳಿದುಕೊಳ್ಳಲು. ಗುರು ಒಂದೂ ಬಿಡದೆ ಹೇಳಿದ್ದ. ಭೂತಗನ್ನಡಿಗೆ ತನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನ್ನಿಸಿತು.

“ನೀಲಿ ಕೋಟನ್ನ ಅಷ್ಟು ಚೆನ್ನಾಗಿ ಮಡಿಸಬಾರದಿತ್ತು ನೀನು,” ಎಂದ.

ಇಸ್ತ್ರಿಯ ರೆಪ್ಪೆ ಒಮ್ಮೆ ಅದುರಿತು. ಅಷ್ಟೇ.

“ಕೋಟು ನೋಡಿದ್ದು ಯಾರು ಸರ್? ಜ್ವರ ಬಂದು ಮಲಗಿದ್ದವರಾ?” ಎಂದ ಅವನು. “ಬೆಳಿಗ್ಗೆ ನೀವೇ ಅಂದ್ರಲ್ಲ, ಒಬ್ಬರು ಬಾನೆಟ್ ಕೆಳಗೆ, ಒಬ್ಬರು ಸೀಟಲ್ಲಿ ಅಂತ. ಆ ವರ್ಕ್‌ಶಾಪಲ್ಲಿ ಇರೋದು ಗಂಡ ಹೆಂಡತಿ ಇಬ್ಬರೇ. ಅದಕ್ಕೆ ಜೀಪು ಕಳಿಸಿದೀನಿ.”

ಅವನ ಮಾತು ಮುಗಿಯುವ ಮೊದಲೇ ಜೀಪು ಗೇಟಿನೊಳಗೆ ಬಂತು. ಹಿಂದಿನ ಸೀಟಿನಲ್ಲಿ, ಇಬ್ಬರು ಪೇದೆಗಳ ನಡುವೆ, ಅಕ್ಕ ಕೂತಿದ್ದಳು. ಕೆನ್ನೆಯ ಕಪ್ಪು ಹಾಗೇ ಇತ್ತು. ಬಾಗಿಲು ಹಾಕಿಕೊಂಡರೆ ಸಾಕೆಂದು ನಂಬಿದ್ದ ತಮ್ಮನನ್ನು ಅವಳು ದೂರದಿಂದಲೇ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಪುಟ್ಟ ಇದ್ದಾನಲ್ಲ ಎಂಬ ಧೈರ್ಯ ಇತ್ತು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ಭೂತಗನ್ನಡಿ ಜೀಪಿನ ಕಡೆ ದೌಡಾಯಿಸಿದ. “ಅಕ್ಕ, ಏನೂ ಮಾತಾಡಬೇಡ. ಇವರು ಏನು ಕೇಳಿದ್ರೂ...”

ಹಿಂದಿನಿಂದ ಮಡ್‌ಗಾರ್ಡಿನ ಮೇಲೆ ಪೆನ್ನು ಬಿತ್ತು. ಟಕ್.

ತುಸು ಬಿಟ್ಟು, ಟಕ್.

ಅವನ ಕಾಲು ನಿಂತಿತು. ಬೇಡವೆಂದರೂ ನಿಂತಿತು. ಇಸ್ತ್ರಿ ಅವನನ್ನು ತಡೆಯಲು ಅಭ್ಯಾಸಬಲದಿಂದ ತಟ್ಟಿದ್ದ, ಹೆಚ್ಚೇನೂ ಯೋಚಿಸದೆ ತಟ್ಟಿದ್ದ.

ಆದರೆ ಆ ಸದ್ದು ಜೀಪಿನೊಳಗೂ ಕೇಳಿತ್ತು. ಅಕ್ಕ ಸೀಟಿನಲ್ಲಿ ನೆಟ್ಟಗಾದಳು. ತಮ್ಮನ ಮೇಲಿದ್ದ ಅವಳ ಕಣ್ಣು ಅವನ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ, ಪೆನ್ನು ಹಿಡಿದ ಕೈಯನ್ನು ಹುಡುಕಿತು. ಅಲ್ಲೇ ನಿಂತಿತು.

‘ನೋಡಬೇಡ ಅಕ್ಕ’ ಎಂದು ಅವನು ಮನಸ್ಸಿನಲ್ಲೇ ಕೂಗಿಕೊಂಡ.

ತಿರುಗಿ ನೋಡಿದಾಗ ಇಸ್ತ್ರಿ ಅಕ್ಕನನ್ನೇ ನೋಡುತ್ತಿದ್ದ. ಅವನ ಕೈಯ ಪೆನ್ನು ಗಾಳಿಯಲ್ಲೇ ಉಳಿದಿತ್ತು. ಅವಳಿಗೆ ತಿಳಿದುಹೋಗಿದೆ ಎಂಬುದು ಅವನಿಗೂ ತಿಳಿದಿತ್ತು.

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅಂಗಿಯ ಗೆರೆ ಸರಿಮಾಡಿಕೊಂಡು, ಜೀಪಿನ ಹಿಂದಿನ ಬಾಗಿಲು ತೆರೆದ. “ನೀವಿಬ್ಬರೂ ಇಳೀರಿ,” ಎಂದ ಪೇದೆಗಳಿಗೆ. “ಇವರನ್ನ ವಿಚಾರಿಸೋದು ಇಲ್ಲಿ ಅಲ್ಲ. ಗುಡ್ಡದ ಮೇಲೆ, ಕಾರು ಬಿದ್ದ ಜಾಗದಲ್ಲಿ. ಜೀಪು ನಾನೇ ಓಡಿಸ್ತೀನಿ.”